ಹೆಸರು ಹಿಡಿದು ಕರೆಯುವವರು

ತಿಪ್ಪೇಶಪ್ಪನಿಗೆ ಎಪ್ಪತ್ತೊಂದು ನಡೆಯುತ್ತಿದ್ದ ವರ್ಷ, ಗೋವಿನಕೋವಿಯಿಂದ ಅವನ ಅಕ್ಕ ಗಿಡ್ಡಮ್ಮ ತೀರಿಕೊಂಡ ಸುದ್ದಿ ಬಂತು. ಎಂಬತ್ತರ ಇಸವಿ, ಯುಗಾದಿ ಕಳೆದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಅಕ್ಕನಿಗೆ ಎಂಬತ್ತು ದಾಟಿತ್ತು. ಹಾಸಿಗೆ ಹಿಡಿಯಲಿಲ್ಲ, ಯಾರನ್ನೂ ಒಂದು ಲೋಟ ನೀರು ಕೇಳಲಿಲ್ಲ, ಸಂಜೆ ರೊಟ್ಟಿ ಬಡಿದಿಟ್ಟು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಪುಣ್ಯವಂತರ ಸಾವು ಎಂದು ಊರೇ ಹೇಳಿತು. ತಿಪ್ಪೇಶಪ್ಪ ಬಿಳಿಚೋಡಿನಿಂದ ಮೂರು ಬಸ್ಸು ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

ಜಗಲಿಯ ಮೇಲೆ ಕೂತ ನೆಂಟರು ಸರಿದು ಅವನಿಗೆ ಜಾಗ ಬಿಟ್ಟರು. ಅಕ್ಕನ ಹಿರೀ ಮಗ, ತಾನೇ ಅರವತ್ತರ ಹತ್ತಿರದವನು, ಕೈಮುಗಿದು ಹೇಳಿದ: "ಇನ್ನು ನಮ್ಮ ಬಳಗಕ್ಕೆಲ್ಲ ನೀವೇ ಹಿರೇರು ಮಾವಾರೆ. ನಿಮ್ಮ ಮ್ಯಾಲೆ ಯಾರಿಲ್ಲ."

ಸಮಾಧಾನಕ್ಕೆಂದೇ ಹೇಳಿದ ಮಾತು. ಆದರೆ ತಿಪ್ಪೇಶಪ್ಪನಿಗೆ ಅದರಲ್ಲಿ ಬೇರೆಯೇ ಕೇಳಿಸಿತು. ಮೇಲೆ ಯಾರೂ ಇಲ್ಲವೆಂದರೆ ತನ್ನನ್ನು ಹೆಸರು ಹಿಡಿದು ಕರೆಯುವವರು ಇನ್ನು ಭೂಮಿಯ ಮೇಲೆ ಯಾರೂ ಇಲ್ಲ ಎಂದಾಯಿತಲ್ಲ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮುದುಕ ಅಲ್ಲೇ ಟವೆಲ್ಲು ಮುಖಕ್ಕೆ ಹಿಡಿದುಕೊಂಡು ಅತ್ತ. ಅಕ್ಕನಿಗಾಗಿ ಅಳುತ್ತಿದ್ದಾನೆ ಎಂದುಕೊಂಡರು. ಅದೂ ಸುಳ್ಳಲ್ಲ.

ಇಲ್ಲಿ ಅವನನ್ನು ಅವನು, ಇವನು ಎಂದು ಏಕವಚನದಲ್ಲಿ ಹೇಳುತ್ತಿರುವುದನ್ನು ಯಾರೂ ಸದರ ಎಂದುಕೊಳ್ಳಬೇಡಿ. ಅವನಿಗೆ ಬೇಕಾಗಿದ್ದದ್ದೇ ಅದು, ಸಿಕ್ಕದೆ ಹೋದದ್ದೂ ಅದೇ.

ತಾಯಿ ಸತ್ತಾಗ ತಿಪ್ಪೇಶಪ್ಪನಿಗೆ ಐದು ವರ್ಷ, ಅಕ್ಕನಿಗೆ ಹದಿನೈದು. ಸೊಂಟದ ಮೇಲೆ ಹೊತ್ತು ಸಾಕಿದಳು. ಮದುವೆಯಾಗಿ ಗೋವಿನಕೋವಿಗೆ ಹೋಗುವಾಗಲೂ ತಮ್ಮನನ್ನು ಜೊತೆಗೇ ಕರೆದುಕೊಂಡು ಹೋದಳು. ಗಂಡನ ಮನೆಯವರು ಮುಖ ಸಿಂಡರಿಸಿದರೆ, "ನಾನು ಬಂದ್ರೆ ಇವ್ನೂ ಬರ್ತಾನೆ, ಇಲ್ಲಂದ್ರೆ ಇಬ್ರೂ ಇಲ್ಲ" ಎಂದು ಹೊಸ್ತಿಲ ಮೇಲೇ ಹೇಳಿದವಳು. ಹತ್ತು ವರ್ಷವಾದ ಮೇಲೆ ತಿಪ್ಪೇಶಪ್ಪ ಬಿಳಿಚೋಡಿಗೆ ಹಿಂದಿರುಗಿ ಅಪ್ಪನ ಹತ್ತಿರ ಕಂಬಳಿ ನೇಯುವುದನ್ನು ಕಲಿತ. ಮುಂದೆ ಅದೇ ಬದುಕಾಯಿತು. ಜಗಳೂರು ಸೀಮೆಯಲ್ಲಿ ಕುರಿಗೆ ಬರವಿಲ್ಲ, ಉಣ್ಣೆಗೆ ಬರವಿಲ್ಲ. ಉಣ್ಣೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿದು ಅವನು ನೇಯ್ದ ಕಂಬಳಿಯಲ್ಲಿ ನೀರು ಹೊಯ್ದರೆ ಒಂದು ಗಳಿಗೆ ನಿಲ್ಲುತ್ತಿತ್ತು. ಮಳೆ ಹೆಚ್ಚಿರುವ ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಕಡೆಯವರಿಗೆ ಅಂಥದ್ದೇ ಬೇಕು. ಹಾಗಾಗಿ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಕಂಬಳಿ ಹೊರೆ ಹೊತ್ತು ಆ ಕಡೆ ಹೋಗುವುದು ರೂಢಿ.

ಅವನು ಬರುವ ದಿನ ಗೊತ್ತುಮಾಡಿಕೊಂಡು ಗಿಡ್ಡಮ್ಮ ನ್ಯಾಮತಿ ಬಸ್‌ ಸ್ಟ್ಯಾಂಡಿಗೆ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಬಸ್ಸು ಇಳಿದ ತಮ್ಮ ಕಂಡದ್ದೇ ತಡ, ಅಷ್ಟು ದೂರದಿಂದ, ಅಷ್ಟು ಮಂದಿಯ ನಡುವೆ, "ಲೇ ತಿಪ್ಪಾ, ಇಲ್ಲೇ ಕುಂತೀನಿ, ಬಾರಲೇ" ಎಂದು ಕೂಗು ಹಾಕುತ್ತಿದ್ದಳು. ಬಿಳೀ ಮೀಸೆಯ ಯಜಮಾನನಿಗೆ ಲೇ ಅಂದರೆ ಮಂದಿ ನಗದೆ ಇರುತ್ತಾರೆಯೇ? ನಗುತ್ತಿದ್ದರು. ತಿಪ್ಪೇಶಪ್ಪ ಮಾತ್ರ "ಓ" ಎಂದು ಓಗೊಟ್ಟು, ಹೊರೆ ಎತ್ತಿಕೊಂಡು, ಐದು ವರ್ಷದ ಹುಡುಗನ ಹಾಗೆ ಹೆಜ್ಜೆ ಹಾಕುತ್ತಿದ್ದ. ಅವನಿಗೆ ತಾಯಿಯ ಮುಖ ನೆನಪಿರಲಿಲ್ಲ. ಆ ಕೂಗನ್ನೇ ತಾಯಿ ಎಂದುಕೊಂಡಿದ್ದ.

ಬೇರೆ ಯಾರು ಕರೆಯಬೇಕು ಹೇಳಿ. ಹೆಂಡತಿ ಎಂಬುವಳು ಹೋಗಿ ಒಂಬತ್ತು ವರ್ಷ. ಆಕೆ ಇದ್ದಾಗಲೂ "ಇಕಾ ಇಲ್ನೋಡ್ರಿ" ಎನ್ನುವುದೇ ಅವನ ಹೆಸರು. ಇಡೀ ಬಾಳಿನಲ್ಲಿ ಒಂದೇ ಒಂದು ಸಲ ಆಕೆ ಗಂಡನ ಹೆಸರು ಹೇಳಿದ್ದು, ಅದೂ ಮದುವೆಯ ದಿನ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳದೆ ಒಳಗೆ ಬಿಡೆವು ಎಂದಾಗ. "ಕರೀ ಕಂಬ್ಳಿ ಗದ್ದಿಗೆ, ಬಿಳೀ ಹೂವು ಮಲ್ಲಿಗೆ, ತಿಪ್ಪೇಶಪ್ಪನ ಹೆಸರು ಹೇಳ್ತೀನಿ ಕೂಡಿದ ಮಂದಿಗೆ" ಎಂದು ಒಂದೇ ಉಸಿರಿಗೆ ಹೇಳಿ ಒಳಗೆ ಓಡಿದ್ದಳು. ಓರಗೆಯ ಗೆಳೆಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು. ಉಳಿದವರಿಗೆಲ್ಲ ಅವನು ಅಜ್ಜ, ಮಾವ, ದೊಡ್ಡಪ್ಪ, ಯಜಮಾನ್ರು.

ಮನೆಯಲ್ಲಂತೂ ಕೇಳುವುದೇ ಬೇಡ. ಸೊಸೆ ಅಂಜಿನಮ್ಮ ಚನ್ನಗಿರಿ ಕಡೆಯ ಹೆಣ್ಣು, ಮರ್ಯಾದೆ ಅಂದರೆ ಮರ್ಯಾದೆ. ಅವಳು ಬರುವ ಮುಂಚೆ ಈ ಮನೆಯಲ್ಲಿ ಮಕ್ಕಳು ಮುದುಕರನ್ನು "ಅಜ್ಜಾ ಬಾರೋ" ಎನ್ನುತ್ತಿದ್ದವು, ಮೀಸೆ ಎಳೆಯುತ್ತಿದ್ದವು. ಅಂಜಿನಮ್ಮ ತನ್ನ ಮಗಳು ಓಬವ್ವ ಮಾತು ಕಲಿಯುವ ಹೊತ್ತಿಗೆ ಎಲ್ಲವನ್ನೂ ತಿದ್ದಿಟ್ಟಳು. ಅಜ್ಜ ಅಲ್ಲ, ಅಜ್ಜಾರು. ಬಾ ಅಲ್ಲ, ಬರ್ರಿ. ಅಜ್ಜಾರು ಕೂರುವ ಕಂಬಳಿಯ ಮೇಲೆ ಅವರಿಲ್ಲದಾಗಲೂ ಕೂರಬಾರದು. ಅಜ್ಜಾರು ಹೊರಟಾಗ ಹಿಂದಿನಿಂದ ಕರೆಯಬಾರದು. ಅಜ್ಜಾರು ತಪ್ಪು ಹೇಳಿದರೂ ಅಲ್ಲ ಎನ್ನಬಾರದು. "ಹಂಗೂ ಇರಬೋದು, ಇನ್ನೊಂದು ಸಲ ನೋಡ್ರಿ" ಎನ್ನಬೇಕು. ಎಲ್ಲಕ್ಕಿಂತ ಮಿಗಿಲಾದದ್ದು, ಅಜ್ಜಾರ ಹೆಸರು ಬಾಯಲ್ಲಿ ಬರಕೂಡದು. ಹಿರಿಯರ ಹೆಸರು ಹೇಳಿದಷ್ಟೂ ಅವರ ಆಯಸ್ಸು ಕಮ್ಮಿಯಾಗುತ್ತದೆ.

ತಾನು ಹೇಳಿದ್ದನ್ನು ಅವಳು ನಡೆಸಿಯೂ ತೋರಿಸುತ್ತಿದ್ದಳು. ಮಾವನ ಹೆಸರು ಹತ್ತಿರ ಬಂದೀತೆಂದು ಹಿತ್ತಲಿನ ತಿಪ್ಪೆಯನ್ನು ತಿಪ್ಪೆ ಎಂದವಳಲ್ಲ, ಗೊಬ್ಬರದ ಗುಂಡಿ ಎನ್ನುವಳು. ಮಾವನಿಗೆ ಹೆಸರು ಕೊಟ್ಟ ಹಟ್ಟಿಯ ದೇವರಿಗೆ ಹರಕೆ ಹೊತ್ತರೂ "ಹಟ್ಟಿ ಸ್ವಾಮಿ" ಎಂದಷ್ಟೇ ಕೈಮುಗಿಯುವಳು. ದೇವರಿಗೆ ಯಾರೆಂದು ಗೊತ್ತಾಗುವುದಿಲ್ಲವೇ, ಅಷ್ಟೂ ತಿಳಿಯದಿದ್ದರೆ ಅವನು ಎಂಥ ದೇವರು ಎಂದು ಕೇಳುವಳು. ಒಳ್ಳೆಯ ಸೊಸೆ. ಬಿಸಿ ರೊಟ್ಟಿ ಮೊದಲು ಮಾವನಿಗೆ, ಆಮೇಲೆ ಗಂಡ ಬೀರಲಿಂಗಪ್ಪನಿಗೆ. ತಿಪ್ಪೇಶಪ್ಪ ಅವಳ ಮೇಲೆ ಒಂದು ದಿನವೂ ತಪ್ಪು ಎಣಿಸಿದವನಲ್ಲ. ಆದರೆ ಗೋವಿನಕೋವಿಯಿಂದ ಬಂದ ಮೇಲೆ ಆ ಮರ್ಯಾದೆ ಅವನಿಗೆ ಯಾಕೋ ಹೊಸ ಕಂಬಳಿಯ ಹಾಗೆ ಕಚ್ಚತೊಡಗಿತು.

ಒಂದು ಮಧ್ಯಾಹ್ನ ಸೊಸೆ ನೀರಿಗೆ ಹೋದದ್ದು ನೋಡಿ, ನೂಲು ಬಿಡಿಸುತ್ತಿದ್ದ ಓಬವ್ವನನ್ನು ಹತ್ತಿರ ಕರೆದ. ಹುಡುಗಿಗೆ ಹನ್ನೊಂದು ವರ್ಷ, ಐದನೇ ಕ್ಲಾಸು. ಅಂಗಿಯ ಜೇಬಿನಿಂದ ಬೆಂಡು ಬತ್ತಾಸಿನ ಪೊಟ್ಟಣ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಗ್ವಾವಿನಕೋವಿ ಅಜ್ಜಿ ನನ್ನ ಹೆಂಗೆ ಕರೀತಿತ್ತು, ನೆಪ್ಪೈತಾ?"

ಓಬವ್ವ ತಲೆಯಾಡಿಸಿದಳು. ಎರಡು ಸಲ ಅಜ್ಜನ ಜೊತೆ ಹೋಗಿ ಕೇಳಿದ್ದಳು.

"ಒಂದ್ ಸಲ ಹಂಗೆ ಕರಿ ನೋಡಾಣ. ಇದೆಲ್ಲ ನಿಂಗೇ."

ಹುಡುಗಿ ಬತ್ತಾಸು ನೋಡಿದಳು, ಅಜ್ಜನ ಮುಖ ನೋಡಿದಳು. "ಹೇಳಿದ್ರೆ ನಿಮ್ಮ ಆಯಸ್ಸು ಕಮ್ಮಿ ಆಗ್ತೈತ್ರಿ ಅಜ್ಜಾರೆ. ಅವ್ವ ಹೇಳ್ಯಾಳೆ."

"ನಂದೇ ಆಯಸ್ಸು, ನಾನೇ ಹೇಳ್ತಿದೀನಿ ಕರಿ ಅಂತ. ಆದ್ರೂನಾ?"

"ಆದ್ರೂನು." ಸ್ವಲ್ಪ ಯೋಚನೆ ಮಾಡಿ ಸೇರಿಸಿದಳು: "ಬತ್ತಾಸು ಬ್ಯಾಡ ಬಿಡ್ರಿ."

ಹನ್ನೊಂದು ವರ್ಷದ ಹುಡುಗಿ ಬತ್ತಾಸು ಬೇಡ ಎನ್ನಬೇಕಾದರೆ ಅದೆಷ್ಟು ಹೆದರಿರಬೇಕು. ತಿಪ್ಪೇಶಪ್ಪನಿಗೆ ನಾಚಿಕೆಯಾಗಿ ಪೊಟ್ಟಣವನ್ನು ಹಾಗೇ ಅವಳ ಕೈಗೆ ಕೊಟ್ಟ.

ಮುಂದಿನ ಪ್ರಯತ್ನ ದರ್ಜಿ ಮೌಲಾಸಾಬ್‌ನ ಹತ್ತಿರ. ಮೌಲಾಸಾಬ್‌ಗೆ ಅರವತ್ತು, ಮೂವತ್ತು ವರ್ಷದಿಂದ ದಿನಾ ಸಂಜೆ ಅವನ ಅಂಗಡಿಯ ಬೆಂಚಿನ ಮೇಲೆ ತಿಪ್ಪೇಶಪ್ಪ ಕೂತು ಚಾ ಕುಡಿದು ಬರುವುದು ಉಂಟು. ಸಂಗತಿ ಕೇಳಿ ಮೌಲಾಸಾಬ್ ಮಿಶಿನ್ನು ನಿಲ್ಲಿಸಿ ಕನ್ನಡಕ ತೆಗೆದ.

"ಇಷ್ಟೇ ಏನ್ರಿ? ಕರದ್ರಾತು. ಕೇಳ್ರಿ." ಗಂಟಲು ಸರಿಮಾಡಿಕೊಂಡ. "ಲೇ..." ಎಂದ. ನಿಂತ. ಹಣೆಯ ಬೆವರು ಒರೆಸಿಕೊಂಡು ಮತ್ತೆ "ಲೇ..." ಎಂದು, "ತಿಪ್ಪೇಶಪ್ನೋರೆ" ಎಂದು ಮುಗಿಸಿದ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಮೌಲಾಸಾಬ್ ಮೆಲ್ಲಗೆ ಹೇಳಿದ: "ನಾಲ್ಗೆ ಹೊರಳಲ್ರಿ. ನಮ್ಮ ದಾದಾ, ಅಪ್ಪನ ಅಪ್ಪ, ಸತ್ತು ನಲವತ್ತು ವರ್ಸ ಆತು, ಇವತ್ತಿಗೂ ಅವರ ಹೆಸರು ಬಾಯಾಗೆ ತರಾಕೆ ಆಗಲ್ಲ ನಂಗೆ. ಯಾರಾರ ಕೇಳಿದ್ರೆ ಚೀಟಿ ಮ್ಯಾಲೆ ಬರದು ತೋರಸ್ತೀನಿ." ಅವತ್ತಿನ ಚಾದ ಜೊತೆ ಅವನು ಒಂದು ಬನ್ನು ಜಾಸ್ತಿ ತರಿಸಿದ. ಪಾಪ, ಅವನ ಕೈಲಾದದ್ದು ಅಷ್ಟೇ.

ತಿಪ್ಪೇಶಪ್ಪ ಆಸೆ ಬಿಟ್ಟ. ಆಸೆ ಬಿಟ್ಟವನು ನೇಯುವುದನ್ನು ಬಿಡಲಿಲ್ಲ. ಅಕ್ಕನ ವರ್ಷದ ಕಾರ್ಯಕ್ಕೆಂದು ಒಂದು ಕರೀ ಕಂಬಳಿ ಹಿಡಿದ. ಕಾರ್ಯದ ದಿನ ಪೂಜೆಗೆ ಹೂಡುವ ಗದ್ದಿಗೆಗೆ ಹಾಸುವ ಕಂಬಳಿ ತನ್ನ ಕೈಯದೇ ಆಗಬೇಕು ಎಂದು ಅವನ ಹಟ. ಅಷ್ಟು ಹೊತ್ತಿಗೆ ಎಡಗಣ್ಣಿಗೆ ಪೊರೆ ಬಂದು ಆ ಪಕ್ಕದ್ದು ಏನೂ ಕಾಣುತ್ತಿರಲಿಲ್ಲ. ಒಂದೇ ಕಣ್ಣಲ್ಲಿ ಎಳೆ ನೋಡಿಕೊಂಡು, ಒಂದು ತಿಂಗಳ ಕೆಲಸವನ್ನು ಮೂರು ತಿಂಗಳು ಮಾಡಿ ಮುಗಿಸಿದ.

ಎಂಬತ್ತೊಂದರ ಬೇಸಿಗೆ. ಮಗ ಬೀರಲಿಂಗಪ್ಪ ಕುರಿ ಹಿಂಡಿನ ಜೊತೆ ದೂರ ಹೋಗಿದ್ದ, ಸೊಸೆಗೆ ಉಣ್ಣೆ ಕೆಲಸ ಕೈತುಂಬ ಇತ್ತು. ಶಾಲೆಗೆ ರಜಾ, ಹಾಗಾಗಿ ಅಜ್ಜನ ಕೈಹಿಡಿದು ಹೋಗಲು ಓಬವ್ವನೇ ಸರಿ ಎಂದಾಯಿತು. ಹೊರಡುವಾಗ ಅಂಜಿನಮ್ಮ ಮಗಳಿಗೆ ನೂರೊಂದು ಮಾತು ಹೇಳಿದಳು. "ಅಜ್ಜಾರ ಎಡಗಡೆಗೇ ನಡಿ. ಅಲ್ಲಿ ಮಂದಿ ಮುಂದೆ ಬಾಯಿ ಸಡ್ಲ ಬಿಡಬ್ಯಾಡ. ಚನ್ನಗಿರಿ ಮೊಮ್ಮಗಳು ಅಂತ ಗೊತ್ತಾಗಂಗೆ ಇರು." ಓಬವ್ವ ಎಲ್ಲದಕ್ಕೂ ಹೂಂ ಎಂದಳು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಹೊನ್ನಾಳಿಯಲ್ಲಿ ಹೊಳೆ ದಾಟಿ, ಇನ್ನೊಂದು ಬಸ್ಸು ಹಿಡಿದು ನ್ಯಾಮತಿಗೆ ಇಳಿದಾಗ ಹನ್ನೊಂದು ಗಂಟೆ. ಸಂತೆಯ ದಿನ, ಬಸ್‌ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಗೋವಿನಕೋವಿಗೆ ಹೋಗುವ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ತಿಪ್ಪೇಶಪ್ಪ ಸುಮ್ಮನೆ ನಿಂತ. ಆಚೆ ಕೊನೆಯಲ್ಲಿ ಆ ಬೇವಿನ ಮರ ಹಾಗೇ ಇತ್ತು. ಅದರ ಕೆಳಗೆ ಯಾರೋ ಇಬ್ಬರು ಹೆಂಗಸರು ಸೌತೆಕಾಯಿ ಮಾರುತ್ತಿದ್ದರು.

"ನೀನು ಚೀಲ ನೋಡ್ಕಂಡು ಇಲ್ಲೇ ಇರು ಮಗ. ನಾನು ಆ ಮರದ ತಂಕ ಹೋಗಿ ಬರ್ತೀನಿ."

"ನಾನೂ ಬರ್ತೀನ್ರಿ ಅಜ್ಜಾರೆ."

"ಬ್ಯಾಡ. ಒಬ್ನೇ ಹೋಗ್ಬೇಕು."

ಅಜ್ಜಾರ ಮಾತಿಗೆ ಎದುರಾಡಬಾರದು. ಓಬವ್ವ ಚೀಲದ ಹತ್ತಿರ ನಿಂತಳು. ತಿಪ್ಪೇಶಪ್ಪ ಕಂಬಳಿಯ ಸುರುಳಿಯನ್ನು ಎಡಹೆಗಲ ಮೇಲೆ ಇಟ್ಟುಕೊಂಡು ಹೊರಟ. ಎಡಗಣ್ಣು ಮೊದಲೇ ಇಲ್ಲ, ಮೇಲೆ ಕಂಬಳಿ ಬೇರೆ ಅಡ್ಡ. ಅವನಿಗೆ ಬಲಗಣ್ಣು ತುಂಬ ಆ ಮರವೊಂದೇ. ಎಷ್ಟು ವರ್ಷ ಆ ಬುಡದಿಂದ ಕೂಗು ಬಂದಿತ್ತು, ಇವತ್ತು ಬರುವುದಿಲ್ಲ ಎಂಬುದನ್ನು ನಡೆದುಹೋಗಿಯೇ ನಂಬಬೇಕಾಗಿತ್ತು.

ಎಡಗಡೆಯಿಂದ ಒಂದು ಬಸ್ಸು ಹಿಂದಕ್ಕೆ ಸರಿಯುತ್ತ ಬಂತು. ಕ್ಲೀನರು ಆಚೆ ಬದಿಯಲ್ಲಿ ನಿಂತು ಬಸ್ಸಿನ ಮೈ ಬಡಿಯುತ್ತ ಬರ್ಲಿ ಬರ್ಲಿ ಎನ್ನುತ್ತಿದ್ದ. ಈ ಬದಿ ಅವನಿಗೆ ಕಾಣುವಂತಿರಲಿಲ್ಲ. ಓಬವ್ವ ನೋಡಿದಳು. "ಅಜ್ಜಾರೆ" ಎಂದು ಕೂಗಿದಳು. ಸಂತೆಗೆ ಬಂದ ಮುದುಕರು ನಾಲ್ಕೈದು ಮಂದಿ ತಿರುಗಿ ನೋಡಿದರು, ತಿಪ್ಪೇಶಪ್ಪ ತಿರುಗಲಿಲ್ಲ. ಸಂತೆಯಲ್ಲಿ ಅಜ್ಜಾರೆ ಎಂದರೆ ಯಾರ ಅಜ್ಜಾರೋ. "ಅಜ್ಜಾರೆ, ನಿಂದ್ರಿ" ಎಂದು ಇನ್ನೂ ಗಟ್ಟಿಯಾಗಿ ಕೂಗಿದಳು. ಬಸ್ಸಿಗೂ ಅವನಿಗೂ ನಡುವೆ ನಾಲ್ಕು ಮಾರು ಉಳಿದಿರಲಿಲ್ಲ.

"ಲೇ ತಿಪ್ಪಾ, ನಿಂದ್ರಲೇ!"

ತಿಪ್ಪೇಶಪ್ಪ ನಿಂತ. ಯೋಚನೆ ಮಾಡಿ ನಿಂತದ್ದಲ್ಲ. ಅರವತ್ತಾರು ವರ್ಷದಿಂದ ಆ ಕೂಗಿಗೆ ನಿಂತ ಕಾಲು, ಎತ್ತಿದ ಹೆಜ್ಜೆಯನ್ನು ಎತ್ತಿದಲ್ಲೇ ಇಳಿಸಿತು. ಬಾಯಿ ತಾನಾಗಿ "ಓ" ಎಂದಿತು. ಬಸ್ಸಿನ ಹಿಂಬದಿ ಅವನ ಹೆಗಲ ಕಂಬಳಿಗೆ ಒರಸಿ, ಅದನ್ನು ನೆಲಕ್ಕೆ ಕೆಡವಿ, ಮುಂದೆ ಒಂದು ಮಾರು ಸರಿದು ನಿಂತಿತು.

ಅವನು ಮೊದಲು ನೋಡಿದ್ದು ಬೇವಿನ ಮರವನ್ನು. ಅಲ್ಲಿ ಸೌತೆಕಾಯಿಯವರು ಬಾಯಿ ತೆರೆದು ಎದ್ದು ನಿಂತಿದ್ದರು. ಆಮೇಲೆ ಹಿಂದೆ ತಿರುಗಿದ. ಓಬವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಡ್ರೈವರು ಇಳಿದು ಬಂದು ಮೈ ಮುಟ್ಟಿ ನೋಡಿದ, ಕ್ಲೀನರಿಗೆ ನಾಲ್ಕು ಬೈದ, ಯಾರೋ ಕಂಬಳಿ ಎತ್ತಿ ದೂಳು ಕೊಡವಿಕೊಟ್ಟರು. ಸೌತೆಕಾಯಿಯ ಒಬ್ಬಾಕೆ ಓಬವ್ವನ ಕಡೆ ಕೈಮಾಡಿ, "ಏನ್ ಹುಡುಗಿನಮ್ಮ, ಹಿರೇರಿಗೆ ಹಿಂಗಾ ಕರಿಯಾದು? ಯಾರಮ್ಮ ಬೆಳಸಿದ್ದು ನಿನ್ನ?" ಎಂದಳು.

"ನಾನೇ ಬೆಳಸಿದ್ದು, ನಿಂದ್ ನೀನು ನೋಡ್ಕ ತಾಯಿ" ಎಂದ ತಿಪ್ಪೇಶಪ್ಪ.

ಹುಡುಗಿ ಅಜ್ಜನ ಕಾಲು ಹಿಡಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬಸ್ಸು ಅವಳ ತಲೆಯಲ್ಲೇ ಇರಲಿಲ್ಲ. "ಎಷ್ಟು ಕಮ್ಮಿ ಆತ್ರಿ ಅಜ್ಜಾರೆ? ನಿಮ್ಮ ಆಯಸ್ಸು ಎಷ್ಟು ಕಮ್ಮಿ ಆತ್ರಿ?" ಇದೊಂದೇ ಮಾತು.

ತಿಪ್ಪೇಶಪ್ಪ ಅವಳನ್ನು ಎತ್ತಿ ನಿಲ್ಲಿಸಿ ಟವೆಲ್ಲಿನಿಂದ ಮೂಗು ಒರೆಸಿದ. ಅವನ ಮುಖ ಮಾತ್ರ ಹಬ್ಬದ ಮುಖ. "ಕಮ್ಮಿ ಎಲ್ಲಿ ಬಂತು ಹುಚ್ಚಿ. ಈಗ ಮುಗೀತಿತ್ತು, ನೀನು ಎಳದು ನಿಲ್ಸಿದಿ" ಎಂದ. ಅವಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗಿ ಅಳು ನಿಂತಿತು ಎನ್ನುವಾಗ ಮುದುಕ ಕೇಳಿಯೇಬಿಟ್ಟ: "ಇನ್ನೊಂದು ಸಲ ಕರಿತೀಯಾ?"

"ಊಹುಂ." ಓಬವ್ವ ತಲೆ ಅಲ್ಲಾಡಿಸಿದಳು. "ಇನ್ನೊಂದು ಬಸ್ಸು ಬಂದ್ರೆ ನೋಡಾಣ್ರಿ."

ಅಕ್ಕನ ಗದ್ದಿಗೆಗೆ ಆ ಕಂಬಳಿಯನ್ನೇ ಹಾಸಿದರು. ಅದರ ಅಂಚಿನಲ್ಲಿ ಬಸ್ಸಿನ ಗ್ರೀಸು ಮೆತ್ತಿತ್ತು. ತೊಳೆಯೋಣ ಎಂದು ಸೋದರಳಿಯ ಹೇಳಿದರೆ, ಇರಲಿ ಬಿಡು, ಅಕ್ಕ ನೋಡಲಿ ಎಂದ ತಿಪ್ಪೇಶಪ್ಪ.

ಬಿಳಿಚೋಡಿಗೆ ಬಂದ ದಿನವೇ ಓಬವ್ವ ತಾಯಿಯ ಮುಂದೆ ಎಲ್ಲವನ್ನೂ ಒಪ್ಪಿಸಿದಳು. ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹುಡುಗಿಯಲ್ಲ. ಅಂಜಿನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಎದ್ದು ಹೋಗಿ ಹಟ್ಟಿ ಸ್ವಾಮಿಯ ಪಟದ ಮುಂದೆ ದೀಪ ಹಚ್ಚಿ ಬಹಳ ಹೊತ್ತು ನಿಂತಳು. ಬಂದು ಮಾವನಿಗೂ ಮಗಳಿಗೂ ರೊಟ್ಟಿಯ ಮೇಲೆ ಒಂದೊಂದು ಚಮಚ ತುಪ್ಪ ಜಾಸ್ತಿ ಹಾಕಿದಳು. ಆಮೇಲೆ, ಗೋಡೆಗೆ ಹೇಳುವವಳ ಹಾಗೆ, ಆ ಕಡೆ ಮುಖ ಮಾಡಿ ಹೇಳಿದಳು: "ಮನೆ ಹೊಸ್ತಿಲ ಒಳಗೆ ಮಾತ್ರ ಅದು ಬ್ಯಾಡ. ಹೊರಗೆ ರಸ್ತೆ, ಬಸ್ಸು ಇರೋ ಕಡೆ ಏನೈತೋ ಅಜ್ಜ ಮೊಮ್ಮಗಳು ನೋಡ್ಕಳ್ರಿ."

ಇಷ್ಟು ಕೇಳಿದ್ದೇ ಮುದುಕನಿಗೆ ಹೊಸ ಚಟ ಹತ್ತಿತು. ಸಂಜೆ ಮೌಲಾಸಾಬ್‌ನ ಅಂಗಡಿಗೆ ಓಬವ್ವನ ಜೊತೆ ಹೋಗುವಾಗ, ಬೇಕೆಂದೇ ಅವಳ ಕೈ ಬಿಡಿಸಿಕೊಂಡು ರಸ್ತೆಯ ನಡುವೆ ಹೋಗಿ ನಿಲ್ಲುವನು. ಬಿಳಿಚೋಡಿಗೆ ದಿನಕ್ಕೆ ಬರುವುದು ನಾಲ್ಕು ಬಸ್ಸು, ಆ ಹೊತ್ತಿಗೆ ಒಂದೂ ಇಲ್ಲ. ಆದರೂ ನಿಂತು, ಬಲಗಣ್ಣಿನ ಕೊನೆಯಲ್ಲಿ ಹುಡುಗಿಯನ್ನೇ ನೋಡುವನು. ಓಬವ್ವ ಸೊಂಟದ ಮೇಲೆ ಕೈಯಿಟ್ಟು, "ಯಾವ ಬಸ್ಸೂ ಇಲ್ಲ, ಬರ್ರಿ ಅಜ್ಜಾರೆ ಸುಮ್ನೆ" ಎನ್ನುವಳು. ಅಂಗಡಿಯಿಂದ ಇದನ್ನು ನೋಡಿ ಮೌಲಾಸಾಬ್ ಮಿಶಿನ್ನಿನ ಮೇಲೆ ತಲೆಯಿಟ್ಟು ನಗುವನು.

ಹೀಗೆ ಒಂದು ತಿಂಗಳು ನಡೆಯಿತು. ರಜಾ ಮುಗಿದು ಶಾಲೆ ಶುರುವಾಗುವ ಹಿಂದಿನ ದಿನ ಮುದುಕ ಮತ್ತೆ ಹೋಗಿ ನಿಂತ. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ, ದೂರದಲ್ಲಿ ಒಂದು ಕುರಿ ಹಿಂಡು ಮನೆ ಕಡೆ ಹೊರಟಿತ್ತು. ಓಬವ್ವ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಅವ್ವ ಎಲ್ಲೂ ಇಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಚಪ್ಪಲಿ ಕಳಚಿಟ್ಟು, ದೇವರ ಮುಂದೆ ನಿಂತವಳ ಹಾಗೆ ಎರಡೂ ಕೈ ಜೋಡಿಸಿಕೊಂಡು, ಮೆತ್ತಗೆ ಕರೆದಳು.

"ಲೇ ತಿಪ್ಪ."

"ಓ" ಎಂದ ತಿಪ್ಪೇಶಪ್ಪ, ಮತ್ತು ಅವಳ ಕಡೆ ನಡೆದ.